ಅವ್ವನಿಗೆ ಉಳಿದ ಒಂದೇ ಮಾತು

ಫಾರ್ಮಸಿ ಎರಡನೆಯ ವರ್ಷದ ಪರೀಕ್ಷೆ ಮುಗಿಸಿ ನಾನು ಪುಣೆಯಿಂದ ಬೋರಗಾಂವಿನ ಮನೆಗೆ ಬಂದ ಮೂರನೆಯ ದಿನ ಅವ್ವ ಬಚ್ಚಲ ಬಾಗಿಲಲ್ಲಿ ಕುಸಿದು ಬಿದ್ದಳು. ಬಲಗೈ, ಬಲಗಾಲು ಎರಡೂ ಹೋದವು. ಮಿರಜಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆವು. ಐದನೆಯ ದಿನ ನಾನು ಅವಳ ತುಟಿ ಒರೆಸುತ್ತಿದ್ದಾಗ ಅವಳು ನನ್ನ ಮುಖವನ್ನೇ ನೋಡಿ, ಸ್ವಲ್ಪವೂ ತೊದಲದೆ, "ಉಳ್ಳಾಗಡ್ಡಿ" ಅಂದಳು.

ನಮ್ಮದು ಜೈನರ ಮನೆ, ಈರುಳ್ಳಿ ಬೆಳ್ಳುಳ್ಳಿ ನಿಷಿದ್ಧ. ಅವ್ವ ಉಳ್ಳಾಗಡ್ಡಿ ತಿಂದವಳಲ್ಲ, ಮನೆಯೊಳಗೆ ಬರಗೊಟ್ಟವಳಲ್ಲ. ಬಸ್ಸಿನಲ್ಲಿ ಪಕ್ಕದವರು ಭಜಿ ಪೊಟ್ಟಣ ಬಿಚ್ಚಿದರೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಅಂಥವಳ ಬಾಯಲ್ಲಿ ಬೇರೆಲ್ಲ ಮಾತು ಅಳಿದು ಇದೊಂದು ಉಳಿದಿತ್ತು. ಮೆದುಳಿನಲ್ಲಿ ಮಾತಿನ ಜಾಗಕ್ಕೆ ಪೆಟ್ಟಾದಾಗ ಕೆಲವರಿಗೆ ಹೀಗೆ ಒಂದೇ ಶಬ್ದ ಉಳಿಯುತ್ತದೆ, ಯಾವುದು ಉಳಿಯುತ್ತದೆಂದು ಯಾರೂ ಹೇಳಲಾರರು ಎಂದರು ಡಾಕ್ಟರು. "ಅವರಿಗೆ ಎಲ್ಲಾ ತಿಳೀತೈತಿ. ಹೇಳಾಕ ಅಷ್ಟ ಬರಂಗಿಲ್ಲ."

ಎಲ್ಲಾ ತಿಳಿಯುತ್ತಿದ್ದುದೇ ಕಷ್ಟವಾಗಿತ್ತು. ಮನೆಗೆ ಕರೆತಂದ ಮೇಲೆ ನೋಡಲು ಬಂದವರಿಗೆ ಅವಳು "ಉಳ್ಳಾಗಡ್ಡಿ" ಅಂದಳು. ಬರ್ರಿ, ಕೂಡ್ರಿ ಎಂದು ಅದರ ಅರ್ಥ. ಬಸದಿಯಲ್ಲಿ ಅವಳ ಜೊತೆ ದಿನಾ ಪೂಜೆಗೆ ಕೂಡುತ್ತಿದ್ದ ಹೆಂಗಸೊಬ್ಬಳು ನಗು ತಡೆಯಲಾರದೆ ಅಂಗಳಕ್ಕೆ ಎದ್ದು ಹೋದಳು. ಅವ್ವನ ಎಡಗಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಆಮೇಲೆ ಯಾರು ಬಂದರೂ ಅವಳು ಬಾಯಿ ಬಿಗಿ ಹಿಡಿದು ಮಲಗುತ್ತಿದ್ದಳು.

ನನ್ನೊಬ್ಬಳ ಮುಂದೆ ಮಾತ್ರ ಮಾತಾಡುತ್ತಿದ್ದಳು. ನಾನು ಹಗಲೆಲ್ಲ ಹಾಸಿಗೆಯ ಪಕ್ಕದಲ್ಲೇ ಇರುತ್ತಿದ್ದೆನಾದ್ದರಿಂದ ಆ ಶಬ್ದ ನನಗೆ ನಿಧಾನಕ್ಕೆ ಬಿಡಿಸಿಕೊಂಡಿತು. ಕೊನೆಯಲ್ಲಿ ದನಿ ಏರಿದರೆ ನೀರು. ಚಿಕ್ಕದಾಗಿ ಎರಡು ಸಲ ಅಂದರೆ ಬಟ್ಟೆ ಒದ್ದೆಯಾಗಿದೆ. ಎಳೆದು ಎಳೆದು ಅಂದರೆ ಮಗ್ಗುಲು ಬದಲಿಸಬೇಕು. ದನಿಯೇ ಇಲ್ಲದೆ ಬರೀ ಉಸಿರಿನಲ್ಲಿ ಅಂದರೆ ಅಪ್ಪ ಉಂಡನೇ ಎಂದು ಕೇಳುತ್ತಿದ್ದಳು.

ಅಪ್ಪನಿಗೆ ಇದು ಯಾವುದೂ ಕೇಳುತ್ತಿರಲಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಇವೆ. ಆ ಸದ್ದಿನಲ್ಲೇ ದುಡಿದು ದುಡಿದು ಅವನ ಕಿವಿ ಮಂದವಾಗಿತ್ತು. ಜೋರಾಗಿ ಹೇಳಿದ ಮಾತು ಮುಟ್ಟುತ್ತಿತ್ತು, ದನಿಯ ಏರಿಳಿತ ಮುಟ್ಟುತ್ತಿರಲಿಲ್ಲ. "ಏನ್ ಅನ್ನಾಕತ್ತಾಳ ಅಕಿ?" ಎಂದು ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ನಾನು ಹೇಳುತ್ತಿದ್ದೆ.

ಜುಲೈಯಲ್ಲಿ ಕಾಲೇಜು ಶುರುವಾಯಿತು. ನಾನು ಒಂದು ವಾರ ಮುಂದೂಡಿದೆ, ಇನ್ನೊಂದು ವಾರ ಮುಂದೂಡಿದೆ. ಕ್ಲಾಸ್ ಟೀಚರ್ ಫೋನು ಮಾಡಿದರು. ಸೋಮವಾರದೊಳಗೆ ಬರದಿದ್ದರೆ ಹಾಸ್ಟೆಲ್ಲಿನ ಜಾಗ ಬೇರೆ ಹುಡುಗಿಗೆ ಹೋಗುತ್ತದೆ, ಪ್ರಾಕ್ಟಿಕಲ್ ಹಾಜರಿ ಕಡಿಮೆಯಾದರೆ ವರ್ಷವೇ ಹೋಗುತ್ತದೆ ಎಂದು ಮರಾಠಿಯಲ್ಲಿ ಮೆತ್ತಗೆ ಹೇಳಿದರು. ಅವರು ಬೈದಿದ್ದರೆ ನನಗೆ ಅಷ್ಟು ಅಳು ಬರುತ್ತಿರಲಿಲ್ಲ.

ಅಥಣಿ ಕಡೆಯ ಹಳ್ಳಿಯಿಂದ ಅಪ್ಪನ ಅಕ್ಕ ಬಂದಳು. "ನಾ ಅದೀನಲ್ಲ, ನೀ ಸುಮ್ನ ಹೋಗು" ಅಂದಳು. ಅತ್ತೆ ಮನಸ್ಸಿನಿಂದ ಒಳ್ಳೆಯವಳು. ಆದರೆ ಅವ್ವನನ್ನು ಕೂಸಿನಂತೆ ಮಾತಾಡಿಸುತ್ತಿದ್ದಳು. ಅವ್ವ ನೀರು ಕೇಳಿದರೆ ಹೊದಿಕೆ ಹೊಚ್ಚುತ್ತಿದ್ದಳು. ನಾನು ನನ್ನ ಸಾಲೆಯ ಹಳೆಯ ಪಾಟಿಯ ಮೇಲೆ ಬಳಪದಿಂದ ತಂಬಿಗೆ, ತಾಟು, ಸೀರೆ, ಫ್ಯಾನಿನ ಚಿತ್ರ ಬರೆದು ಬೆರಳಿಟ್ಟು ತೋರಿಸೆಂದು ಅವ್ವನಿಗೆ ಕೊಟ್ಟೆ. ಅವಳು ಒಂದು ಗಳಿಗೆ ನೋಡಿದಳು. ಎಡಗೈಯಿಂದ ಎತ್ತಿ ಎಸೆದಳು. ಪಾಟಿ ಎರಡು ಹೋಳಾಯಿತು.

ಭಾನುವಾರ ಮಧ್ಯಾಹ್ನ ನಿಪ್ಪಾಣಿಯ ಬಸ್‌ಸ್ಟ್ಯಾಂಡಿಗೆ ಅಪ್ಪ ನನ್ನನ್ನು ಬಿಟ್ಟು ಹೋದ. ಮನೆಯಿಂದ ಹೊರಡುವಾಗ ನಾನು ಕಾಲು ಮುಟ್ಟಿದರೂ ಅವ್ವ ಕಣ್ಣು ತೆರೆಯಲಿಲ್ಲ. ಬಸ್ಸು ಊರು ದಾಟುವಷ್ಟರಲ್ಲಿ ಅತ್ತೆಗೆ ಫೋನು ಹಚ್ಚಿದೆ.

"ಒಂದ ಸವನ ಅನ್ನಾಕತ್ತಾಳವಾ. ಏನಂತ ತಿಳೀವಲ್ದು."

"ಫೋನ್ ಅಕಿ ಬಾಯಿ ಹತ್ರ ಹಿಡಿ."

ಹಿಡಿದಳು. ಬಸ್ಸಿನ ಸದ್ದು, ಫೋನಿನ ಕರಕರ, ನಡುವೆ ಅವ್ವನ ದನಿ. ಉಳ್ಳಾಗಡ್ಡಿ, ಉಳ್ಳಾಗಡ್ಡಿ. ಮುಖ ಕಾಣದೆ, ಆ ಸದ್ದಿನಲ್ಲಿ ದನಿಯ ಏರಿಳಿತವೂ ಹಿಡಿಯದೆ ನನಗೆ ಏನೂ ತಿಳಿಯಲಿಲ್ಲ. ನೀರೋ, ನೋವೋ, ನನ್ನನ್ನೇ ಕರೆಯುತ್ತಿದ್ದಾಳೋ. ಎದ್ದು ಹೋಗಿ ಕಂಡಕ್ಟರಿಗೆ ಇಳಿಸಿ ಎಂದೆ. "ಪುಣೇದ ತಿಕೀಟು ತಗೊಂಡೀರಿ, ಇಲ್ಯಾಕ್ರಿ?" ಎಂದು ಅವನು ಬೆಪ್ಪಾಗಿ ನೋಡಿದ. ನನ್ನ ಮುಖ ನೋಡಿ ಸೀಟಿ ಊದಿದ. ಕಾಗಲ್ ಹತ್ತಿರ ಹೆದ್ದಾರಿಯ ಬದಿಗೆ ಬ್ಯಾಗು ಹಿಡಿದು ಇಳಿದೆ. ಲಾರಿಗಳು ಹಾಯುವಾಗ ದುಪಟ್ಟಾ ಮುಖಕ್ಕೆ ಬಡಿಯುತ್ತಿತ್ತು. ಆ ಕಡೆಗೂ ಈ ಕಡೆಗೂ ಕಾಲು ಎತ್ತಲಾಗದೆ ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ. ಆ ಹೊತ್ತಿನಲ್ಲಿ ನಾನು ಏನೇನು ಯೋಚಿಸಿದೆನೋ ಬರೆಯಲಾರೆ. ಅವ್ವ ಅಂದೇ ಬಚ್ಚಲಲ್ಲಿ ಹೋಗಿಬಿಟ್ಟಿದ್ದರೆ ಎಂಬುದೂ ಅದರಲ್ಲಿ ಇತ್ತು.

ಆಮೇಲೆ ರಸ್ತೆ ದಾಟಿ ಎದುರಿನ ಬಸ್ಸು ಹತ್ತಿದೆ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆ. ಅಂಗಳದಲ್ಲಿದ್ದ ಅಪ್ಪ, "ಯಾಕ ಬಂದಿ ಮತ್ತ?" ಅಂದ. ನಾನು ಸೀದಾ ಒಳಗೆ ಹೋಗಿ ಅವ್ವನ ಮುಂದೆ ಕುಳಿತೆ. ಅವಳು ನನ್ನನ್ನು ನೋಡಿದಳು, ಬ್ಯಾಗನ್ನು ನೋಡಿದಳು. "ಉಳ್ಳಾಗಡ್ಡಿ!" ಅಂದಳು. ಇಷ್ಟು ದಿನದಲ್ಲಿ ಆ ದನಿ ನಾನು ಕೇಳಿರಲಿಲ್ಲ. ಆದರೆ ಅರ್ಥವಾಗಲು ತಡವಾಗಲಿಲ್ಲ. ಚಿಕ್ಕವಳಿದ್ದಾಗ ಸಾಲೆ ತಪ್ಪಿಸಿ ಸಿಕ್ಕಿಬಿದ್ದರೆ ಬೈಯುತ್ತಿದ್ದ ದನಿ ಅದು. ನಾನು ನೀರು ಹಿಡಿದರೆ ಕುಡಿಯಲಿಲ್ಲ. ಅತ್ತೆ ಹಿಡಿದಾಗ ಕುಡಿದಳು, ಅರ್ಧ ಸೀರೆಯ ಮೇಲೆ ಚೆಲ್ಲಿಕೊಂಡು.

"ನಾ ಹೋದರ ನಿನ್ನ ಮಾತ ಯಾರಿಗಿ ತಿಳೀತೈತಿ ಬೇ?" ಎಂದು ನಾನು ಅಳುತ್ತ ಕೇಳಿದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

ಬೆಳಿಗ್ಗೆ ಎದ್ದು ನೋಡಿದರೆ ಅವಳು ಎಡಗಾಲು ಚಾಚಿ ನನ್ನ ಬ್ಯಾಗನ್ನು ಬಾಗಿಲ ಕಡೆಗೆ ತಳ್ಳುತ್ತಿದ್ದಳು. ಕಾಲಷ್ಟೇ ಅಲ್ಲ, ಮೈಯೆಲ್ಲ ಹಾಸಿಗೆಯ ಅಂಚಿಗೆ ಜಾರಿತ್ತು. ಅಪ್ಪ ಓಡಿ ಬಂದು ಹಿಡಿದ. ಅವಳು ಏನೋ ಅಂದಳು. ಅಪ್ಪ ಅವಳ ಎದೆಯ ಮೇಲೆ ಅಂಗೈ ಇಟ್ಟು ಬಗ್ಗಿದ. ಮಗ್ಗದ ಚೌಕಟ್ಟಿಗೆ ಕೈ ಇಟ್ಟು ಅದರ ಅದುರಿನಿಂದ ಎಲ್ಲಿ ತೊಂದರೆಯಾಗಿದೆ ಎಂದು ಅವನು ಹುಡುಕುವುದು ಹಾಗೆಯೇ. "ಮತ್ತೊಮ್ಮಿ ಅನ್ನು" ಅಂದ. ಅವಳು ಅಂದಳು.

"ನೀರು?" ಎಂದು ಅಪ್ಪ ಕೇಳಿದ. ಅಲ್ಲ ಎಂದು ಅವಳು ತಲೆ ಅಲ್ಲಾಡಿಸಿದಳು.

"ಮಗ್ಗಲ ಹೊರಳಸ್ಲಿ?"

ಅಲ್ಲ.

"ಇಕಿನ್ನ ಕಳಸು ಅಂತೀ ಏನ?"

ಅವ್ವ ಕಣ್ಣು ಮುಚ್ಚಿ ತೆರೆದಳು. ಮೂರನೆಯ ಸಲಕ್ಕಾದರೂ ಅಪ್ಪನಿಗೆ ಸರಿಯಾಗಿ ಹತ್ತಿತ್ತು. ಅದು ಧೈರ್ಯ ಕೊಡಬೇಕಾಗಿತ್ತು, ನನಗೆ ಕೊಡಲಿಲ್ಲ. ಎರಡು ತಪ್ಪು ಊಹೆಗಳ ನಡುವೆ ಅವಳು ಎಷ್ಟು ಹೊತ್ತು ಒದ್ದೆಯಲ್ಲಿ ಮಲಗಿರಬೇಕಾದೀತು ಎಂದಷ್ಟೇ ಲೆಕ್ಕ ಹಾಕುತ್ತ ಅಂದೇ ಪುಣೆಯ ಬಸ್ಸು ಹತ್ತಿದೆ. ಈ ಸಲ ನಡುವೆ ಇಳಿಯಲಿಲ್ಲ.

ಹಾಸ್ಟೆಲ್ಲಿನ ಜಾಗ ಉಳಿದಿತ್ತು. ರೂಮಿನ ಹುಡುಗಿಯರು ರಜೆ ಹೇಗಿತ್ತು ಎಂದು ಕೇಳಿದರು, ಚೆನ್ನಾಗಿತ್ತು ಎಂದೆ. ಅವ್ವನ ಮಾತು ಯಾವುದೆಂದು ಯಾರಿಗೂ ಹೇಳಲಿಲ್ಲ. ಇಲ್ಲಿಯೂ ಯಾರಾದರೂ ನಕ್ಕಾರು ಎಂಬ ಭಯ. ಪ್ರಾಕ್ಟಿಕಲ್‌ನಲ್ಲಿ ಎರಡು ಸಲ ಅಳತೆ ತಪ್ಪಿ ಬೇರೆ ದ್ರಾವಣ ಸುರಿದೆ. ಮೆಸ್ಸಿನ ತಾಟಿನಲ್ಲಿ ಹೆಚ್ಚಿದ ಉಳ್ಳಾಗಡ್ಡಿ ಇಟ್ಟರೆ ಎದ್ದು ಹೋಗುತ್ತಿದ್ದೆ. ಆ ಸೆಮಿಸ್ಟರಿನಲ್ಲಿ ಎರಡು ವಿಷಯ ಪಾಸಾಗದೆ ಉಳಿದವು.

ದಿನಾ ಸಂಜೆ ಅಪ್ಪ ವಿಡಿಯೋ ಕಾಲ್ ಮಾಡುತ್ತಿದ್ದ. ಅವನಿಗೆ ಫೋನು ನೆಟ್ಟಗೆ ಹಿಡಿಯಲು ಬಾರದೆ ಒಮ್ಮೆ ಜಂತಿ ಕಾಣುತ್ತಿತ್ತು, ಒಮ್ಮೆ ಅವ್ವನ ಗದ್ದ ಮಾತ್ರ. ನಾನು ಊಹಿಸಿ ಹೇಳಿದ್ದು ಮೊದಮೊದಲು ಸರಿ ಇರುತ್ತಿತ್ತು, ಬರಬರುತ್ತ ತಪ್ಪತೊಡಗಿತು.

ದೀಪಾವಳಿಗೆ ಐದು ದಿನ ಹೋದೆ. ಅವ್ವನಿಗೆ ಇನ್ನೂ ಎರಡು ಮಾತು ಬಂದಿದ್ದವು, "ಬ್ಯಾಡ" ಮತ್ತು "ಆತು". ಹಳೆಯ ಮಾತಿನ ದನಿಗಳೂ ಬದಲಾಗಿದ್ದವು. ಅವಳು ನನ್ನನ್ನು ನೋಡಿ ಏನೋ ಅಂದಳು. ನಾನು ತಂಬಿಗೆ ತಂದೆ. ಅವಳು ಬ್ಯಾಡ ಅಂದಳು. ಮಗ್ಗುಲು ಬದಲಿಸಲು ಹೋದೆ, ಬ್ಯಾಡ ಅಂದಳು. ಅಪ್ಪ ಶೆಡ್ಡಿನಿಂದ ಬಂದು, ಕೈ ಒರೆಸಿಕೊಂಡು, ಅವಳ ಎದೆಯ ಮೇಲೆ ಅಂಗೈ ಇಟ್ಟ.

"ಇಕಿ ಬಾಳ ಸೊರಗ್ಯಾಳ, ಉಣ್ಣಾಕ ನೀಡ ಅನ್ನಾಕತ್ತಾಳ" ಎಂದು ಅತ್ತೆಗೆ ಹೇಳಿದ.

ಅತ್ತೆ ತಾಟು ತಂದಿಟ್ಟಳು. ಅವ್ವ ನೋಡುತ್ತಲೇ ಇದ್ದಳು, ಅದಕ್ಕೆ ಉಂಡೆ. ತುತ್ತಿಗೊಮ್ಮೆ ನೀರು ಕುಡಿದು ತಾಟು ಖಾಲಿ ಮಾಡಿದೆ.