ಗುಂಡಮ್ಮನ ಕೂಸಿನ ಗಾಜು

ನಮ್ಮವರಷ್ಟು ಪುಕ್ಕಲ ಮನುಷ್ಯನನ್ನು ನಾನು ಕಂಡಿಲ್ಲ. ನಾಯಿ ಕಂಡರೆ ಹೆದರಿಕೆ, ಪೊಲೀಸರನ್ನು ಕಂಡರೆ ಹೆದರಿಕೆ, ಹಲ್ಲಿ ಲೊಚಗುಟ್ಟಿದರೂ ಹೆದರಿಕೆ. ಫೋಟೊ ತೆಗೆದರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಮಾತಿಗೆ ಮಾತ್ರ ನಗುತ್ತಿದ್ದರು. ಕಲಬುರಗಿಯ ಸ್ಟುಡಿಯೋಗಳಿಗೆ ಬಣ್ಣದ ಫೋಟೊ ಬಂದು ವರ್ಷಗಳಾಗಿದ್ದರೂ ಈ ಮಹಾರಾಯರು ಮೂರು ಕಾಲಿನ ದೊಡ್ಡ ಮರದ ಕ್ಯಾಮೆರಾ ಹೊತ್ತು ವಾರಕ್ಕೊಮ್ಮೆ ಕಮಲಾಪುರದ ಸಂತೆಗೆ ಹೋಗುತ್ತಿದ್ದರು. ಕರಿಬಟ್ಟೆಯೊಳಗೆ ತಲೆ ಹಾಕಿ, ಗಾಜಿನ ಮೇಲೆ ಜನರ ಮುಖ ಹಿಡಿದು, ಮನೆಗೆ ತಂದು ಕಾಗದಕ್ಕೆ ಇಳಿಸುತ್ತಿದ್ದರು.

೧೯೮೭ರ ಮಾತು. ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುತ್ತಿದ್ದ ಗುಂಡಮ್ಮನ ಮೊದಲಿನ ಎರಡು ಕೂಸುಗಳು ವರ್ಷ ತುಂಬುವ ಮೊದಲೇ ಹೋಗಿದ್ದವು. ಮೂರನೆಯದಕ್ಕೆ ಎಂಟು ತಿಂಗಳು. ಜಾವಳ ತೆಗೆಯುವವರೆಗೆ ಕೂಸಿನ ಫೋಟೊ ತೆಗೆಸಬಾರದು ಎಂದು ಅತ್ತೆಯ ಕಟ್ಟಪ್ಪಣೆ. ಅವಳು ಸಂತೆಯ ದಿನ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಇವರ ಬಳಿ ತಂದಳು.

“ಮೊದಲಿನೆರಡರ ಮಾರಿ ನೆನಪಿಗೇ ಬರವಲ್ದರೀ ಯಪ್ಪಾ. ಇದರದಾದ್ರೂ ಒಂದು ಇರಲಿ.”

ಇವರು ಇಲ್ಲವೆನ್ನಲಿಲ್ಲ.

ಮೂರನೆಯ ದಿನ ಆ ಅತ್ತೆ ಕಲಬುರಗಿಯ ನಮ್ಮ ಬಾಗಿಲಿಗೇ ಬಂದಳು. ಕೂಸಿಗೆ ಕೆಂಡದಂಥ ಜ್ವರವಂತೆ.

“ನಮ್ಮ ಕೂಸಿನ ಉಸುರು ಗಾಜಿನ್ಯಾಗ ಹಿಡದಿಟ್ಟೀರಿ. ನನ್ನ ಕಣ್ಣ ಮುಂದ ಒಡೀರಿ.”

ಇವರು ಒಳಗಿನಿಂದ ಒಂದು ಗಾಜು ತಂದು ಹೊಸ್ತಿಲಿಗೆ ಬಡಿದರು. ಮುದುಕಿ ಒಂದು ಚೂರನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋದಳು.

“ಆ ತಾಯಿಗಿ ಏನು ಹೇಳ್ತೀರಿ ಈಗ?” ಎಂದು ನಾನು ರೇಗಿದೆ.

“ಸುಮ್ನಿರು. ಅದು ಯಾರೋ ಮದುಮಗಂದು. ಕೂಸಿಂದು ಟ್ರಂಕಿನ್ಯಾಗ ಅದ.”

ಆ ಕ್ಷಣ ಗಂಡನ ಮೇಲೆ ಹೆಮ್ಮೆಯೆನಿಸಿತು. ಹೆಮ್ಮೆ ಒಂದು ದಿನವೂ ಬಾಳಲಿಲ್ಲ. ಜ್ವರ ಇಳಿಯುವ ತನಕ ಕೂಸಿನ ಗಾಜನ್ನು ಕಾಗದಕ್ಕೆ ಇಳಿಸುವ ಧೈರ್ಯ ಇವರಿಗಿರಲಿಲ್ಲ. ದಿನಾ ಮುಂಜಾನೆ ಸ್ಟ್ಯಾಂಡಿಗೆ ಹೋಗಿ ಕಮಲಾಪುರದ ಬಸ್ಸಿನ ಕಂಡಕ್ಟರನನ್ನು ಕೂಸಿನ ಸುದ್ದಿ ಕೇಳಿ, ಮುಖ ಸಣ್ಣ ಮಾಡಿಕೊಂಡು ಬರುತ್ತಿದ್ದರು. ಟ್ರಂಕು ಮಂಚದ ಕೆಳಗಿನಿಂದ ಪಡಸಾಲೆಗೆ ಬಂತು, ಪಡಸಾಲೆಯಿಂದ ಹಿತ್ತಲಿಗೆ ಹೋಯಿತು. ಊಟ ಸೇರುತ್ತಿರಲಿಲ್ಲ.

“ಅಕಸ್ಮಾತ್ ಆಕಿ ಹೇಳಿದ್ದು ಖರೇ ಇದ್ರ?” ಎಂದರು, ಮುದುಕಿ ಬಂದುಹೋದ ಆರನೆಯ ದಿನ ಬೆಳಗ್ಗೆ.

ಹುಚ್ಚರ ಹಾಗೆ ಆಡಬೇಡಿ ಎಂದು ನಾನು ಬೈಯಬೇಕಿತ್ತು. ನನಗೂ ಹೆದರಿಕೆ ಹೊಕ್ಕಿತ್ತು. ಆ ಟ್ರಂಕಿನ ಹತ್ತಿರ ಹೋದರೆ ಕೂಸು ಅತ್ತಂತೆ ಕೇಳುತ್ತಿತ್ತು.

“ಒಡದುಬಿಡ್ರಿ,” ಎಂದೆ.

ಮೊದಲ ಬಸ್ಸು ಬರುವುದನ್ನೂ ಕಾಯದೆ ಬಟ್ಟೆ ಒಗೆಯುವ ಕಲ್ಲಿಗೆ ಬಡಿದರು. ಪುಡಿಪುಡಿಯಾಯಿತು. ನಾನು ಗುಡಿಸಿ ಚರಂಡಿಗೆ ಚೆಲ್ಲಿದೆ. ಇಬ್ಬರಿಗೂ ಎದೆ ಹಗುರಾಗಿ ಚಹಾ ಕುಡಿದೆವು.

ಮಧ್ಯಾಹ್ನ ಗುಂಡಮ್ಮ ಬಂದಳು. ಕಂಕುಳಲ್ಲಿ ಕೂಸಿರಲಿಲ್ಲ. ಹಿಂದಿನ ಸಂಜೆಯೇ ಹೋಗಿತ್ತು. ನೀರು ಕೊಟ್ಟರೆ ಕುಡಿಯಲಿಲ್ಲ, ಅಳಲೂ ಇಲ್ಲ.

“ಅತ್ತಿ ಚೂರು ತಂದು ತೋರಿಸಿದ್ಳು,” ಎಂದಳು. “ಆಕಿಗಿ ಕಣ್ಣು ಮಂಜು. ಅದರಾಗ ಮೀಸಿ ಇತ್ತು. ನಮ್ಮ ಕೂಸಿಂದು ನೀವು ಉಳಿಸೀರಂತ ಗೊತ್ತಾತು, ಬಾಯಿ ಬಿಡಲಿಲ್ಲ ನಾ. ಈಗ ಕೊಡ್ರಿ ಯಪ್ಪಾ. ಮಾರಿ ಒಮ್ಮೆ ನೋಡ್ತೇನಿ.”

ನಮ್ಮವರು ಎದ್ದು ಹಿತ್ತಲಿಗೆ ಹೋದರು. ಮುಂಜಾನೆ ಒಡೆದೆವು ಎಂದು ನಾನೇ ಹೇಳಿದೆ.