ಸರ್ದಾರನ ಎಡಗಣ್ಣಿನ ಕೆಳಗೆ

ಬೈರಕೂರಿನ ವೆಂಕಟರಾಯಪ್ಪನ ಕಣ್ಣು ಎಂಥದ್ದೆಂದರೆ, ಎತ್ತು ಅತ್ತ ನಂಗಲಿಯ ಹತ್ತಿರ ಮೇಯುತ್ತಿದ್ದರೆ ಇವನು ಇತ್ತ ಜಗಲಿಯ ಮೇಲೆ ಕೂತು ಅದರ ಮೈಮೇಲಿನ ಸುಳಿ ಎಣಿಸುತ್ತಿದ್ದ. ನೀವು ನಂಬದಿದ್ದರೆ ಬೇಡ, ಎತ್ತುಗಳು ನಂಬಿದ್ದವು. ಇವನು ದಾರಿಯಲ್ಲಿ ಬರುವುದು ಕಂಡರೆ ಮೆಲುಕು ಹಾಕುವುದನ್ನೂ ನಿಲ್ಲಿಸಿ, ಇನ್‌ಸ್ಪೆಕ್ಟರ್ ಬಂದಾಗಿನ ಶಾಲೆ ಮಕ್ಕಳ ಹಾಗೆ ನೆಟ್ಟಗೆ ನಿಲ್ಲುತ್ತಿದ್ದವು.

ಕೂದಲು ಸುತ್ತಿಕೊಂಡು ಪುಟ್ಟ ಚಕ್ರವಾಗುವ ಜಾಗವೇ ಸುಳಿ. ಅದು ಮೈಯಲ್ಲಿ ಎಲ್ಲಿದೆ ಎಂಬುದರ ಮೇಲೆ ಎತ್ತಿನ ಗುಣ, ಕಟ್ಟಿದವನ ಗ್ರಹಚಾರ. ನಲವತ್ತು ವರ್ಷ ಮುಳಬಾಗಿಲಿನಿಂದ ಶ್ರೀನಿವಾಸಪುರದವರೆಗೆ ಇವನು ‘ಹೂಂ’ ಅನ್ನದೆ ಯಾರೂ ಎತ್ತಿನ ಹಗ್ಗ ಹಿಡಿದವರಲ್ಲ. ಒಂದು ಮನೆಯವರು ಗಂಡು ನೋಡುವುದಕ್ಕೂ ಕರೆದುಕೊಂಡು ಹೋಗಿದ್ದರು. ಹುಡುಗನ ನೆತ್ತಿಯಲ್ಲಿ ಎರಡು ಸುಳಿ ಇದ್ದವು. ಇವನು ಉಪ್ಪಿಟ್ಟು ಮುಗಿಸಿ, ಕೈ ತೊಳೆದುಕೊಂಡು, "ಎರಡು ಮದುವೆ ಯೋಗ" ಎಂದು ಹೇಳಿ ಎದ್ದು ಬಂದ.

ಅವನ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಕಣ್ಣಿನ ಕೆಳಗಿನ ಸುಳಿ, ಕಣ್ಣೀರು ಸುಳಿ. ಅಂಥ ಎತ್ತು ಕಟ್ಟಿದ ಮನೆ ಅಳುತ್ತದೆ. ಅಂಥದ್ದು ಕಂಡರೆ ಇವನು ಮಾತೇ ಆಡುತ್ತಿರಲಿಲ್ಲ, ಟವೆಲ್ಲು ಒದರಿ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದ. ಅಷ್ಟು ಸಾಕು, ಆ ವಾರದೊಳಗೆ ಎತ್ತು ಮನೆ ಬಿಟ್ಟು ಹೋಗುತ್ತಿತ್ತು.

ಈಗ ಊರಿನ ತುಂಬ ಟ್ರ್ಯಾಕ್ಟರು. ಟ್ರ್ಯಾಕ್ಟರಿಗೆ ಸುಳಿ ಇಲ್ಲ. ಕೊನೆಗೆ ಉಳಿದದ್ದು ಇವನದೇ ಒಂಟೆತ್ತು, ಸರ್ದಾರ. ಹದಿನೆಂಟು ವರ್ಷ ಬದುಕಿ, ಹಿಪ್ಪುನೇರಳೆ ಸೊಪ್ಪು, ಟೊಮೇಟೊ ಎಲ್ಲ ಎಳೆದು, ಹೋದ ವರ್ಷ ಕೊಟ್ಟಿಗೆಯಲ್ಲಿ ಮಲಗಿದ್ದು ಏಳಲಿಲ್ಲ. ಅಂದಿನಿಂದ ವೆಂಕಟರಾಯಪ್ಪನ ಊಟ ಅರ್ಧ ಮುದ್ದೆಗೆ ಇಳಿಯಿತು. ಒಂದೂವರೆ ತಿಂಗಳು ನೋಡಿ ಸಾಕಾದ ಸೊಸೆ ಪದ್ಮಶ್ರೀ ಹೇಳಿದಳು:

"ಮಾವ, ನನ್ ಫೋನಲ್ಲಿ ಸರ್ದಾರಂದು ಒಂದು ಫೋಟೋ ಐತೆ. ಮುಳಬಾಗಿಲಲ್ಲಿ ಮೆಹ್ರೀನ್ ಅಂತ ಒಬ್ಬ ಹುಡುಗಿ ಇದಾಳೆ, ಫೋಟೋ ಕೊಟ್ರೆ ದೊಡ್ಡದಾಗಿ ಬಣ್ಣದಲ್ಲಿ ಬರ್ದು ಕೊಡ್ತಾಳಂತೆ. ಗೋಡೆಗೆ ಹಾಕೋಣ."

"ಎಷ್ಟು ದೊಡ್ಡದು?"

"ಬಾಗಿಲಷ್ಟು ಹೇಳ್ಲಾ?"

"ಹೇಳು. ಸರ್ದಾರ ಬಾಗಿಲಿಗಿಂತ ದೊಡ್ಡವ್ನು, ಇರ್ಲಿ, ಅಡ್ಜಸ್ಟ್ ಮಾಡ್ಕೋತಾನೆ."

ಇಪ್ಪತ್ತು ದಿನಕ್ಕೆ ಮೆಹ್ರೀನ್ ಅರ್ಧ ಮುಗಿದ ಚಿತ್ರವನ್ನು ವಾಟ್ಸಾಪಿನಲ್ಲಿ ಕಳಿಸಿದಳು. ವೆಂಕಟರಾಯಪ್ಪನಿಗೆ ನಂಗಲಿಯ ಎತ್ತು ಕಂಡರೂ ಮೂಗಿನ ಮುಂದಿನ ಫೋನು ಕಾಣುವುದಿಲ್ಲ. ಪದ್ಮಶ್ರೀ ಎರಡು ಬೆರಳಲ್ಲಿ ಚಿತ್ರವನ್ನು ಹಿಗ್ಗಿಸಿ, ಕೊಂಬಿನಿಂದ ಶುರು ಮಾಡಿ ಮೆಲ್ಲಗೆ ಕೆಳಗೆ ತಂದಳು. ಹಣೆ ಬಂತು, ಎಡಗಣ್ಣು ಬಂತು, ಎಡಗಣ್ಣಿನ ಕೆಳಗೆ ನಾಣ್ಯದಷ್ಟಗಲ, ಕೂದಲು ಕೂದಲಾಗಿ ಬಿಡಿಸಿದ ಸುಳಿ ಬಂತು.

ವೆಂಕಟರಾಯಪ್ಪ ಜಗಿಯುತ್ತಿದ್ದ ವೀಳ್ಯದೆಲೆಯನ್ನು ಹಾಗೇ ನುಂಗಿಬಿಟ್ಟ.

ಹುಡುಗಿ ಕಲ್ಪಿಸಿಕೊಂಡು ಬರೆದದ್ದಲ್ಲ. ಸರ್ದಾರನಿಗೆ ಆ ಸುಳಿ ಇತ್ತು. ಇವನದೇ ಕೊಟ್ಟಿಗೆಯಲ್ಲಿ ಹುಟ್ಟಿದ ಕರು. ಮೈ ಒಣಗಿದ ದಿನವೇ ಕಂಡಿದ್ದ. ಬೇರೆಯವರದ್ದಾಗಿದ್ದರೆ ಟವೆಲ್ಲು ಒದರುತ್ತಿದ್ದ. ಆ ಕರುವೋ, ಟವೆಲ್ಲಿನ ತುದಿಯನ್ನೇ ಬಾಯಿಗೆ ಹಾಕಿಕೊಂಡು ಚೀಪುತ್ತಾ ನಿಂತುಬಿಟ್ಟಿತು. ಇವನು ಒದರಲಿಲ್ಲ. ಅಂದಿನಿಂದ ದಿನಾ ಬೆಳಗ್ಗೆ, ಊರು ಏಳುವ ಮುಂಚೆ, ಹರಳೆಣ್ಣೆ ಹಚ್ಚಿ ಆ ಜಾಗದ ಕೂದಲನ್ನು ಕೆಳಮುಖವಾಗಿ ತೀಡುತ್ತಿದ್ದ. ಹದಿನೆಂಟು ವರ್ಷಕ್ಕೆ ಎಷ್ಟು ಎಣ್ಣೆ ಆಯಿತು ಎಂದರೆ, ಅಷ್ಟರಲ್ಲಿ ಕೋಲಾರದ ಬಸ್ಸುಗಳಿಗೆಲ್ಲ ಒಂದು ವರ್ಷ ಕೀಲೆಣ್ಣೆ ಬಿಡಬಹುದಿತ್ತು. ಪದ್ಮಶ್ರೀ ಫೋಟೋ ಹೊಡೆದದ್ದು ಒಂದು ದಿನ ಸರ್ದಾರನ ಮೈತೊಳೆದು, ಮತ್ತೆ ಎಣ್ಣೆ ಹಚ್ಚುವ ಮುಂಚೆ. ಅವಳು ಮಾಲೂರಿನವಳು. ಇಟ್ಟಿಗೆ ನೋಡಿ ಯಾವ ಗೂಡಿನದು ಎಂದು ಹೇಳುತ್ತಾಳೆ, ಎತ್ತಿನ ಸುಳಿ ಅವಳಿಗೆ ಗೊತ್ತಿಲ್ಲ.

"ಎಷ್ಟ್ ಚೆನ್ನಾಗೈತಲ್ವಾ ಮಾವ?"

ಸುಳಿ ತೆಗಿ ಎಂದು ಹೇಳುವುದು ಹೇಗೆ? ಹೇಳಿದರೆ ಇದ್ದದ್ದು ಒಪ್ಪಿಕೊಂಡ ಹಾಗೆ. ಒಪ್ಪಿಕೊಂಡರೆ, ಇವನ ಮಾತು ಕೇಳಿ ಎತ್ತು ಕಳೆದುಕೊಂಡವರೆಲ್ಲ ಬಾಗಿಲಿಗೆ ಬರುತ್ತಾರೆ. ಮೊದಲು ಬರುವವನು ಪಕ್ಕದ ಮನೆಯ ಕದಿರಪ್ಪ. ಇಂಥದೇ ಸುಳಿಗೆ ಇವನು ಟವೆಲ್ಲು ಒದರಿದ್ದಕ್ಕೆ ಕದಿರಪ್ಪ ತನ್ನ ಎತ್ತನ್ನು ಮೂರೇ ದಿನದಲ್ಲಿ ಆಂಧ್ರದ ಕಡೆಯವರಿಗೆ ಮಾರಿಬಿಟ್ಟಿದ್ದ.

"ಕೊಂಬು ಸರಿಯಿಲ್ಲ" ಎಂದ ವೆಂಕಟರಾಯಪ್ಪ. "ಆಡಿನ ಕೊಂಬು ಇದ್ದಂಗಿದೆ."

ಮೆಹ್ರೀನ್ ಕೊಂಬು ತಿದ್ದಿದಳು. ಸುಳಿ ಹಾಗೇ ಇತ್ತು. ಬೆನ್ನ ಮೇಲಿನ ಡುಬ್ಬ, ಹಿಣಿಲು, ಸಾಲದು ಎಂದ. ಹುಡುಗಿ ಹಿಣಿಲನ್ನು ಎಷ್ಟು ಏರಿಸಿದಳೆಂದರೆ ಅಂತರಗಂಗೆ ಬೆಟ್ಟ ಒಮ್ಮೆ ತಿರುಗಿ ನೋಡಿರಬೇಕು. ಸುಳಿ ಹಾಗೇ ಇತ್ತು. ಬಾಲದ ಕುಚ್ಚು ತೆಳ್ಳಗಾಯಿತು ಎಂದ, ಗೊರಸು ಅಗಲವಾಯಿತು ಎಂದ, ಹಿಂದಿನ ಮಾವಿನ ಮರದಲ್ಲಿ ಆ ತಿಂಗಳು ಕಾಯಿ ಇರುವುದಿಲ್ಲ ಎಂದ. ಹುಡುಗಿ ಒಂದೊಂದೂ ಕಾಯಿ ಕಿತ್ತಳು. ಸಿಟ್ಟು ಬಂದರೆ ವೆಂಕಟರಾಯಪ್ಪನಿಗೆ ತೆಲುಗೇ ಬರುವುದು. "ಕಾದು, ಕಾದು!", ಇದಲ್ಲ, ಇದಲ್ಲ ಎಂದು ಫೋನನ್ನು ತಳ್ಳಿ ಜಗಲಿಗೆ ಹೋಗಿ ಕೂರುತ್ತಿದ್ದ.

"ಏನ್ ಕಾದು ಮಾವ? ಏನು ಸರಿಯಿಲ್ಲ ಅಂತ ಬಾಯ್ಬಿಟ್ಟು ಹೇಳಿ. ಆ ಹುಡ್ಗಿ ನಂಗ್ ಬೈತಾಳೆ."

ಕೊನೆಗೆ ತಡೆಯಲಾರದೆ ಒಂದು ಎಳೆ ಬಿಟ್ಟ: "ಆ ಎಡಗಣ್ಣಿನ ಕೆಳ್ಗಡೆ ಸ್ವಲ್ಪ ನೋಡು ಅಂತ ಹೇಳು."

ಅಲ್ಲೇ ಕೆಟ್ಟಿತು. ತಾತನಿಗೆ ಆ ಜಾಗ ಬಹಳ ಇಷ್ಟ ಎಂದುಕೊಂಡ ಮೆಹ್ರೀನ್, ಒಂದೇ ಕೂದಲಿನ ಕುಂಚ ಹಿಡಿದು ನಾಲ್ಕು ದಿನ ಅಲ್ಲೇ ಕೂತಳು. ಮುಂದಿನ ಫೋಟೋ ಬಂದಾಗ ಇಡೀ ಎತ್ತು ಆ ಸುಳಿಯನ್ನು ಹೊತ್ತುಕೊಂಡು ನಿಲ್ಲುವುದಕ್ಕೇ ಹುಟ್ಟಿದ ಹಾಗೆ ಕಾಣುತ್ತಿತ್ತು. ಹೆಲಿಕಾಪ್ಟರಿನಿಂದ ನೋಡಿದರೂ ಮೊದಲು ಸುಳಿ, ಆಮೇಲೆ ಎತ್ತು.

ಮಾರನೆಯ ಬೆಳಗ್ಗೆ ವೆಂಕಟರಾಯಪ್ಪ ಯಾರಿಗೂ ಹೇಳದೆ ಮುಳಬಾಗಿಲಿನ ಬಸ್ಸು ಹತ್ತಿದ. ಕೇಳಿಕೊಂಡು ಮನೆ ಹುಡುಕಿದ. ಮೆಹ್ರೀನ್ ಇಪ್ಪತ್ತೈದರ ಹುಡುಗಿ, ಮೊಣಕೈವರೆಗೆ ಬಣ್ಣ. ಚಿತ್ರ ಗೋಡೆಗೆ ಒರಗಿತ್ತು. ಬಾಗಿಲಷ್ಟೇ ಎತ್ತರ.

"ಕೂತ್ಕೊಳಿ ತಾತ. ಈ ಸಲ ಏನು? ಕಿವಿಯಾ?"

"ಕಿವಿ ಚೆನ್ನಾಗಿದೆ ಕಣಮ್ಮ." ಹತ್ತಿರ ಹೋಗಿ, ಮುಟ್ಟದೆ ಬೆರಳು ತೋರಿಸಿದ. "ಇದು ಬೇಡ. ತೆಗೆದ್ಬಿಡು."

"ಅದು ಫೋಟೋದಲ್ಲಿದೆ ತಾತ."

"ಫೋಟೋ ಸುಳ್ಳು."

"ಫೋಟೋ ಹೆಂಗೆ ಸುಳ್ಳು ಹೇಳುತ್ತೆ? ಎರಡು ತಿಂಗಳಾಯ್ತು ತಾತ. ಆರು ಸಲ ತಿದ್ದಿದೀನಿ. ಕೊಂಬು ಅಂದ್ರಿ, ಬಾಲ ಅಂದ್ರಿ, ಮರದಲ್ಲಿರೋ ಕಾಯಿ ಕೂಡ ಕೀಳಿಸಿದ್ರಿ. ಇದೊಂದೇ ಆಗಿದ್ರೆ ಮೊದಲ್ನೇ ದಿನಾನೇ ಹೇಳ್ಬೋದಿತ್ತಲ್ಲ?"

ವೆಂಕಟರಾಯಪ್ಪ ಮತ್ತೆ ಆ ಸುಳಿಗೇ ಬೆರಳು ತೋರಿಸಿದ. ಹುಡುಗಿ ಇನ್ನೇನೂ ಕೇಳದೆ ಅಗಲ ಕುಂಚಕ್ಕೆ ಬಿಳಿಬೂದಿ ಬಣ್ಣ ಅದ್ದಿ, ಮೇಲಿಂದ ಕೆಳಕ್ಕೆ ನಾಲ್ಕು ಸಲ ಎಳೆದಳು. ನಾಲ್ಕು ದಿನದ ಕೆಲಸ ನಾಲ್ಕು ಎಳೆತಕ್ಕೆ ಹೋಯಿತು.

"ಆಯ್ತಾ?"

ಅವನು ಒಂದು ಹೆಜ್ಜೆ ಹಿಂದೆ ಬಂದು ನೋಡಿದ. ಮತ್ತೊಂದು ಹೆಜ್ಜೆ ಹಿಂದೆ ಬಂದ. ಹಾಗೇ ಬಂದು ಬಾಗಿಲಿಗೆ ಬೆನ್ನು ತಾಗಿತು. ಅಂದವಾದ ಎತ್ತು. ಗೊಬ್ಬರದ ಅಂಗಡಿಯ ಕ್ಯಾಲೆಂಡರಿನಲ್ಲಿ ಇರುವಂಥದು. ಅದು ಇವನನ್ನು ನೋಡುತ್ತಿತ್ತು, ಗುರುತು ಹಿಡಿಯುತ್ತಿರಲಿಲ್ಲ.

"ಇದು ಯಾರ್ ಎತ್ತು?" ಎಂದ.

ಮೆಹ್ರೀನ್ ಕುಂಚವನ್ನು ಡಬ್ಬಿಗೆ ಎಸೆದಳು. "ಯಾ ಅಲ್ಲಾ! ತಾತ, ನೀವೇ ಹೇಳಿ, ನಾನೇನ್ ಮಾಡ್ಲಿ?"

"ಹಾಕು. ವಾಪಸ್ ಹಾಕು."

"ಸುಳ್ಳು ಅಂದ್ರಲ್ಲ?"

"ಇತ್ತು ಕಣಮ್ಮ." ಆ ಎರಡು ಮಾತು ಹೊರಗೆ ಬರುವಷ್ಟರಲ್ಲಿ ಅವನಿಗೆ ಹತ್ತು ಮೂಟೆ ಟೊಮೇಟೊ ಹೊತ್ತಷ್ಟು ದಣಿವಾಗಿತ್ತು. "ಅದಿದ್ರೆ ಮನೆ ಅಳ್ತದೆ ಅಂತ ಹೇಳ್ಕೊಂಡು ತಿರುಗ್ದೆ. ನಂ ಮನೇಲಿ ಹದಿನೆಂಟ್ ವರ್ಷ ಯಾರೂ ಅಳ್ಲಿಲ್ಲ. ಅದು ಸತ್ತ್ ದಿವ್ಸ ನಾನು ಅತ್ತಿದ್ದು, ಅಷ್ಟೇ."

ಹುಡುಗಿ ಹಳೇ ಬಟ್ಟೆ ತೆಗೆದುಕೊಂಡು ಹಸಿ ಬಣ್ಣ ಒರೆಸತೊಡಗಿದಳು. ಆಮೇಲೆ ಗೊಣಗಿದಳು: "ಇನ್ನೂ ನಾಲ್ಕು ದಿನ ಆಗುತ್ತೆ. ಈ ಸಲ ಮಧ್ಯ ಫೋನ್ ಮಾಡ್ಬೇಡಿ."

ಚಿತ್ರ ಬಂತು. ವೆಂಕಟರಾಯಪ್ಪ ಅದನ್ನು ಒಳಕೋಣೆಯಲ್ಲಿ ಹಾಕಬಹುದಿತ್ತು. ಪದ್ಮಶ್ರೀ ಹಾಗೇ ಹೇಳಿದಳು ಕೂಡ, ಅಷ್ಟು ಹೊತ್ತಿಗೆ ಅವಳಿಗೂ ವಿಷಯ ತಿಳಿದಿತ್ತು. ಅವನು ಬೀದಿ ಬಾಗಿಲಿಗೆ ಎದುರಾಗಿ, ಹೊರಗಿನಿಂದಲೇ ಕಾಣುವ ಹಾಗೆ ಮೊಳೆ ಹೊಡೆಸಿದ.

ಊರು ಬಂತು, ಹರಳೆಣ್ಣೆಯ ಕಥೆಯನ್ನು ಅವನ ಬಾಯಿಂದಲೇ ಕೇಳಿತು. ನಗುವವರು ನಕ್ಕರು. "ನಲವತ್ತು ವರ್ಷ ನಮ್ ಕಣ್ಣಿಗೇ ಹರಳೆಣ್ಣೆ ಹಚ್ಚಿದ್ಯಲ್ಲೋ" ಎಂದವರುಂಟು. ಶ್ರೀನಿವಾಸಪುರದ ಕಡೆಯಿಂದ ಒಬ್ಬ ಬೈಕಿನಲ್ಲಿ ಬಂದು, ಬಾಗಿಲಲ್ಲೇ ನಿಂತು ಮನಸಾರೆ ಬೈದು, ನೀರೂ ಕುಡಿಯದೆ ಹೋದ. ವೆಂಕಟರಾಯಪ್ಪ ಎಲ್ಲರಿಗೂ "ಹೌದಪ್ಪ, ಹೌದಪ್ಪ" ಎನ್ನುತ್ತಾ ಕೂತಿದ್ದ. ಪಕ್ಕದ ಮನೆಯವನು ಮಾತ್ರ ಬರಲಿಲ್ಲ. ಅವನು ಬೈದಿದ್ದರೆ ಇವನಿಗೆ ಒಂದು ಮುದ್ದೆಯಾದರೂ ಗಂಟಲಲ್ಲಿ ಇಳಿಯುತ್ತಿತ್ತು.

ಒಂಬತ್ತನೆಯ ದಿನ ಕದಿರಪ್ಪ ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದು, ಚಿತ್ರದ ಎದುರಿಗೆ ನೆಲದ ಮೇಲೆ ಕೂತ. ಪದ್ಮಶ್ರೀ ಕಾಫಿ ತಂದಿಟ್ಟಳು. ಕಾಫಿಯ ಮೇಲೆ ಕೆನೆ ಕಟ್ಟಿತು.

"ಏನ್ಲಾ ವೆಂಕಟರಾಯ," ಎಂದ ಕೊನೆಗೆ, ಚಿತ್ರದ ಮೇಲಿನ ಕಣ್ಣು ತೆಗೆಯದೆ, "ಆ ಹುಡ್ಗಿ ಚೆನ್ನಾಗಿ ಬರ್ದವ್ಳೆ."

"ಹೂಂ."

"ನನ್ ಎತ್ತಿಂದು ಒಂದು ಫೋಟೋನೂ ಇಲ್ಲ."

ವೆಂಕಟರಾಯಪ್ಪ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನಂದು ಇದಕ್ಕಿಂತ ಚೆನ್ನಾಗಿತ್ತು ಕಣೋ," ಎಂದ ಕದಿರಪ್ಪ.

ತನ್ನ ಎತ್ತಿಗಿಂತ ಇನ್ನೊಬ್ಬರದು ಚೆನ್ನ ಎಂದು ವೆಂಕಟರಾಯಪ್ಪನ ಬಾಯಿ ಹುಟ್ಟಿದಾಗಿನಿಂದ ಹೇಳಿದ್ದಿಲ್ಲ.

"ಚೆನ್ನಾಗಿತ್ತು," ಎಂದ ವೆಂಕಟರಾಯಪ್ಪ.