ಮೇಷ್ಟ್ರ ಹೆಸರಿನ ಕೆಳಗಿನ ಗೆರೆ

ಅಲಿಲಾಲಿ ಮುದುಕಿ ಸಾವಿನ ಮನೆಗೆ ಬಂದರೆ ಸಿಬಾಸಾ ಸುತ್ತಿನ ಹಳ್ಳಿಗಳಲ್ಲಿ ಯಾರೂ ಅವಳ ಕೈಗೆ ಸೌಟು ಕೊಡುವುದಿಲ್ಲ, ಎಲೆಕೋಸು ಹೆಚ್ಚಲೂ ಕೂರಿಸುವುದಿಲ್ಲ. ಜಗಲಿಯ ಮೂಲೆಗೆ ಒಂದು ಮೇಜು ಹಾಕಿ, ಮರುದಿನದ ಮಣ್ಣಿಗೆಂದು ಅಚ್ಚು ಹಾಕಿಸಿದ ಪುಸ್ತಿಕೆಗಳ ಕಟ್ಟನ್ನು ಅವಳ ಮುಂದಿಡುತ್ತಾರೆ. ಸತ್ತವರ ಹೆಸರು, ಫೋಟೋ, ಹುಟ್ಟಿ ಬೆಳೆದ ಕಥೆ, ಹಾಡುಗಳು ಎಲ್ಲವೂ ಅದರಲ್ಲಿರುತ್ತವೆ. ಇಲ್ಲದಿರುವುದು ಗೆರೆ. ಅಲ್ಲಿನ ವೆಂಡಾ ಭಾಷೆ ಬರೆಯುವಾಗ ನಾಲ್ಕು ಅಕ್ಷರಗಳ ಕಾಲಡಿಗೆ ಗುಡಿಸಲಿನ ಮಾಡಿನಂಥ ಪುಟ್ಟ ಗೆರೆಯೊಂದು ಬರಬೇಕು. ಕಂಪ್ಯೂಟರ್ ಅಂಗಡಿಯವರಿಗೆ ಅದರ ಗೊಡವೆಯೇ ಬೇಡ. ಅಲಿಲಾಲಿ ನೀಲಿ ಶಾಯಿಯ ಪೆನ್ನು ತೆಗೆದು, ಸತ್ತವರ ಹೆಸರಿಗಾದರೂ ಗೆರೆ ಇರಲಿ ಎಂದು ಅಷ್ಟೂ ಪ್ರತಿಗಳಿಗೆ ಎಳೆದು ಕೊಡುತ್ತಾಳೆ. ಯಾರೂ ಅದನ್ನು ಗಮನಿಸುವುದಿಲ್ಲ. ಬೇಡ ಅನ್ನುವುದೂ ಇಲ್ಲ, ಮುದುಕಿ ತನ್ನ ಪಾಡಿಗೆ ತಾನು ಏನೋ ಮಾಡಿಕೊಳ್ಳಲಿ ಎಂದು ಬಿಟ್ಟಿದ್ದಾರೆ.

ಈ ಚಾಳಿ ಅಂಟಿದ್ದು ಕಚೇರಿಯಲ್ಲಿ. ವೆಂಡಾ ನಾಡು ಬೇರೆ ದೇಶವೆನಿಸಿಕೊಂಡು ತನ್ನದೇ ಬಾವುಟ ಹಾರಿಸುತ್ತಿದ್ದ ಕಾಲದಲ್ಲಿ ಆರು ಜನ ಗಂಡಸರ ಸಮಿತಿಯೊಂದು ಕಾಗುಣಿತದ ನಿಯಮ ಬರೆಯಲು ಕೂತಿತ್ತು. ಯಾವ ಪದವನ್ನು ಕೂಡಿಸಿ ಬರೆಯಬೇಕು, ಯಾವುದನ್ನು ಬಿಡಿಸಬೇಕು ಎಂದು ಒಂದೊಂದು ಪದಕ್ಕೂ ಒಂದೊಂದು ಮಧ್ಯಾಹ್ನ ಕಚ್ಚಾಡುತ್ತಿದ್ದರು. ಬೆರಳಚ್ಚಿನ ಕೆಲಸ ಅಲಿಲಾಲಿಯದು. ಸರ್ಕಾರ ಕೊಟ್ಟ ಯಂತ್ರದಲ್ಲಿ ಆ ಗೆರೆಯೇ ಇರಲಿಲ್ಲ. ಹಾಗಾಗಿ ಟೈಪು ಮಾಡಿದ ಪ್ರತಿ ಹಾಳೆಗೂ ಕೈಯಲ್ಲೇ ಎಳೆಯಬೇಕಿತ್ತು. ಹದಿನಾಲ್ಕು ವರ್ಷ ಎಳೆದಳು. ಆಮೇಲೆ ಆ ನಾಡು ಮತ್ತೆ ದೊಡ್ಡ ದೇಶದೊಳಗೆ ಸೇರಿ ಬಾವುಟ ಇಳಿಯಿತು, ಕಚೇರಿಗೆ ಬೀಗ ಬಿತ್ತು, ಅವಳ ಹಾಳೆಗಳು ಯಾವ ಗೋದಾಮಿನ ಗೆದ್ದಲಿನ ಪಾಲಾದವೋ ಯಾರಿಗೂ ಗೊತ್ತಿಲ್ಲ. ಸಮಿತಿಯವರು ಒಬ್ಬೊಬ್ಬರಾಗಿ ಸತ್ತರು. ಐವರ ಹೆಸರಿಗೂ ಅವಳೇ ಗೆರೆ ಎಳೆದು ಮಣ್ಣಿಗೆ ಕಳಿಸಿದಳು. ಉಳಿದವರು ನೆಮುಲೋಡಿ ಮೇಷ್ಟ್ರೊಬ್ಬರೇ.

ಮೇಷ್ಟ್ರ ಹೆಸರಿನ ಮೊದಲ ಅಕ್ಷರಕ್ಕೇ ಗೆರೆ ಬರಬೇಕು. ಅದು ತಪ್ಪಿದ ಕಾಗದವನ್ನು ಅವರು ಒಡೆಯದೆ ವಾಪಸ್ಸು ಕಳಿಸುತ್ತಿದ್ದರು. ಒಮ್ಮೆ ಮಂತ್ರಿಯ ಆಮಂತ್ರಣವನ್ನೂ ಹಾಗೇ ಕಳಿಸಿ ಬಡ್ತಿ ಕಳೆದುಕೊಂಡ ಪುಣ್ಯಾತ್ಮ. ಹೋದ ತಿಂಗಳು ಅಲಿಲಾಲಿ ಆಸ್ಪತ್ರೆಯಲ್ಲಿ ಅವರನ್ನು ನೋಡಲು ಹೋದಾಗ ಮಂಚಕ್ಕೆ ಸಿಕ್ಕಿಸಿದ್ದ, ಗೆರೆಯಿಲ್ಲದ ಹೆಸರಿನ ಚೀಟಿ ತೋರಿಸಿದ್ದರು.

"ನೋಡು, ಇಲ್ಲಿ ಯಾರೋ ಬೇರೆಯವನು ಮಲಗಿದಾನೆ. ಇರ್ಲಿ, ಇನ್ನೆಷ್ಟು ದಿನ. ಮಣ್ಣಿಗೆ ಹೋಗುವಾಗ ಮಾತ್ರ ನನ್ನ ಹೆಸರಲ್ಲೇ ಕಳಿಸಮ್ಮ."

"ನನ್ನ ಕೈ ನಡುಗತ್ತೆ ಮೇಷ್ಟ್ರೇ."

"ಆ ಐದು ಜನಕ್ಕೆ ನಡುಗದೇ ಇದ್ದ ಕೈ ನನಗೆ ಮಾತ್ರ ನಡುಗತ್ತೇನು?"

ಅವಳು ಆಗಲಿ ಎಂದಳು. ಮುಂದಿನ ವಾರ ಅವರು ಹೋದರು.

ಶುಕ್ರವಾರ ಅವಳು ಮೇಷ್ಟ್ರ ಮನೆಗೆ ಬಂದಾಗ ಅಂಗಳದಲ್ಲಿ ಗಂಡಸರು ದನ ಸುಲಿಯುತ್ತಿದ್ದರು. ಪ್ರಿಟೋರಿಯಾದಿಂದ ಬಂದಿದ್ದ ಮೇಷ್ಟ್ರ ಮಗಳು ಟೆಂಡಾನಿ ಅಲ್ಲಿನ ಹೆಂಗಸರ ರೂಢಿಯಂತೆ ನೆಲಕ್ಕೆ ಒರಗಿ, ಅಂಗೈ ಜೋಡಿಸಿ, ಮರ್ಯಾದೆಯಿಂದಲೇ ವಂದಿಸಿದಳು.

"ನೀವು ಆಯಾಸ ಮಾಡ್ಕೋಬೇಡಿ ಅಜ್ಜಿ. ಪುಸ್ತಿಕೆ ಒಳ್ಳೇ ಕಾಗದದಲ್ಲೇ ಮಾಡಿಸಿದೀನಿ."

"ನಿಮ್ಮಪ್ಪನ ಹೆಸರಿಗೆ ಗೆರೆ ಇಲ್ವಲ್ಲೇ."

"ಅಂಗಡಿಯವನು ಆಗಲ್ಲ ಅಂದ. ಎರಡು ಸಲ ಕೇಳ್ದೆ. ಮೂರನೇ ಸಲ ಕೇಳೋಕೆ ನನ್ನಲ್ಲಿ ಜೀವ ಇರ್ಲಿಲ್ಲ."

"ಇರ್ಲಿ ಬಿಡು. ನಾನಿದೀನಲ್ಲ."

ಕಾಗದ ಕನ್ನಡಿಯಂತೆ ಹೊಳೆಯುತ್ತಿತ್ತು. ಪೆನ್ನು ಜಾರಿತು, ಶಾಯಿ ಹೀರಿಕೊಳ್ಳದೆ ಮೇಲೆಯೇ ಹನಿಗಟ್ಟಿ ನಿಂತಿತು. ಒಣಗುತ್ತದೆ ಅಂದುಕೊಂಡಳು. ಎಪ್ಪತ್ತೆಂಟು ವರ್ಷದಲ್ಲಿ ಅವಳು ಕಂಡ ಶಾಯಿಯೆಲ್ಲ ಒಣಗಿತ್ತು. ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಊಟಕ್ಕೂ ಏಳದೆ, ನಾನೂರು ಪ್ರತಿಗಳಿಗೆ ಗೆರೆ ಎಳೆದಳು. ಒಂದೂ ಸೊಟ್ಟಗಾಗಲಿಲ್ಲ. ಗೋಡೆಯುದ್ದಕ್ಕೂ ಹರವಿ ಬಿಸಿಲಿಗೆ ಇಟ್ಟಳು, ಸಂಜೆಗೆ ಮೇಲ್ಮೇಲೆ ಒಣಗಿದಂತೆ ಕಂಡಾಗ ಜೋಡಿಸಿ ಕಟ್ಟಿದಳು. ಆ ಸಂಜೆ ಅವಳಿಗೆ ಎಷ್ಟೋ ವರ್ಷದ ಮೇಲೆ ಸಂತೋಷವಾಗಿತ್ತು.

ಮರುದಿನ ಅಲ್ಲಿನ ಡಿಸೆಂಬರಿನ ನಡುಬೇಸಿಗೆಯ ಸುಡು ಬಿಸಿಲು, ಸ್ಮಶಾನದಲ್ಲಿ ನೆರಳಿಲ್ಲ. ಬೆವೆತ ಹೆಬ್ಬೆರಳು ಹೆಸರಿನ ಮೇಲೆಯೇ ಕೂರುವಂತೆ ಜನ ಪುಸ್ತಿಕೆ ಹಿಡಿದಿದ್ದರು. ಎರಡನೇ ಹಾಡು ಮುಗಿಯುವಷ್ಟರಲ್ಲಿ ಶಾಯಿ ಕರಗಿ ಹೆಸರಿನ ಮೇಲೆಲ್ಲ ಹರಡಿತು, ಅಲ್ಲಿಂದ ಫೋಟೋಕ್ಕೆ ಹತ್ತಿತು, ಹೆಂಗಸರ ಬಿಳಿ ರವಿಕೆಗಳಿಗೂ ಮೆತ್ತಿತು.

"ಮೇಷ್ಟ್ರ ಮುಖಕ್ಕೇ ಮಸಿ ಬಳಿದ್ರಲ್ಲ, ಯಾರೇ ಅದು?" ಹಿಂದೆ ಒಬ್ಬಳು ಪಿಸುಗುಟ್ಟಿದಳು.

"ಇನ್ಯಾರು, ಗೆರೆ ಮುದುಕಿ."

ಪ್ರಾರ್ಥನೆಗೆ ಬಂದ ಪಾದ್ರಿ ಪ್ರಿಟೋರಿಯಾದವರು, ಮೇಷ್ಟ್ರನ್ನು ಕಂಡವರಲ್ಲ. ಹೆಸರು ಓದುವ ಹೊತ್ತಿಗೆ ಪುಸ್ತಿಕೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಕೊನೆಗೆ ಮಡಚಿ ಜೇಬಿಗಿಟ್ಟುಕೊಂಡು, "ನಮ್ಮ ಈ ಸಹೋದರನನ್ನು ಮಣ್ಣಿಗೆ ಒಪ್ಪಿಸುತ್ತೇವೆ" ಎಂದರು. ಅಲಿಲಾಲಿ ಬಾಯಿ ತೆರೆದಳು. ಅಷ್ಟು ಜನರ ಮಧ್ಯೆ ಹೆಸರು ಕೂಗಿ ಹೇಳುವ ಧೈರ್ಯ ಬರಲಿಲ್ಲ. ಆರು ಜನರಲ್ಲಿ ಹೆಸರೇ ಇಲ್ಲದೆ ಗುಂಡಿಗಿಳಿದವರು ಮೇಷ್ಟ್ರೊಬ್ಬರೇ.

ಮಣ್ಣಿನಿಂದ ಬಂದವರು ಕೈ ತೊಳೆಯಲು ಮನೆಯ ಗೇಟಿನ ಬಳಿ ನೀರಿನ ತೊಟ್ಟಿ ಇಟ್ಟಿದ್ದರು. ಜನ ಸಾಲಾಗಿ ಬಂದು ತೊಳೆದರು, ಉಜ್ಜಿ ಉಜ್ಜಿ ತೊಳೆದರು. ಅಲಿಲಾಲಿಯ ಸರದಿ ಬರುವಾಗ ನೀರೆಲ್ಲ ನೀಲಿಯಾಗಿತ್ತು. ಟೆಂಡಾನಿ ಪಕ್ಕಕ್ಕೆ ಬಂದು ನಿಂತಳು.

"ಬಿಡಿ ಅಜ್ಜಿ, ನಿಮಗೇನು ಗೊತ್ತಿತ್ತು. ಅಪ್ಪ ಇದ್ದಿದ್ರೂ ಏನೂ ಅಂತಿರ್ಲಿಲ್ಲ."

ಅಂತಿದ್ದರು, ಖಂಡಿತ ಅಂತಿದ್ದರು. ಟೆಂಡಾನಿಯಾದರೂ ಬೈದಿದ್ದರೆ ಮುದುಕಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅವಳು ಎರಡೂ ಕೈ ಆ ನೀರಿನಲ್ಲಿ ಅದ್ದಿ ಸುಮ್ಮನೆ ಹಿಡಿದುಕೊಂಡಳು.

"ಆಯ್ತೇನಜ್ಜಿ? ಹಿಂದೆ ಜನ ಕಾಯ್ತಿದಾರೆ" ಎಂದಳು ನೀರು ಬದಲಿಸಲು ಬಂದ ಹೆಂಗಸು.

ಅಲಿಲಾಲಿ ಕೈ ತೆಗೆದಳು. ಆ ಹೆಂಗಸು ತೊಟ್ಟಿಯನ್ನು ಎತ್ತಿ ನೀರನ್ನು ರಸ್ತೆಯ ಮಣ್ಣಿಗೆ ಚೆಲ್ಲಿ, ಹೊಸ ನೀರು ತರಲು ಒಳಗೆ ಹೋದಳು.